ಸಮಾಧಾನ ನಿಂತ ಬೆಂಚು

ದೇವರ ಪ್ರೀತಿ ದೊಡ್ಡದು. ಅದು ಕಡಲು ದಾಟಿತು, ಘಟ್ಟ ಹತ್ತಿತು, ನರಸಿಂಹರಾಜಪುರದ ಪೇಟೆ ಕಳೆದು ಮಣ್ಣುರಸ್ತೆ ಹಿಡಿದು ಮೇಲಿನಹಕ್ಲು ಎಂಬ ಊರಿಗೂ ಬಂತು. ಅಲ್ಲಿ ರಬ್ಬರ್ ತೋಟಗಳ ನಡುವೆ ಒಂದು ಚರ್ಚು ಕಟ್ಟಿಸಿಕೊಂಡು ಕೂತಿತು. ಇಷ್ಟು ದೂರ ಬಂದ ಪ್ರೀತಿಗೆ ಆ ಚರ್ಚಿನ ಕೊನೆಯ ಎರಡು ಬೆಂಚಿನ ತನಕ ಹೋಗಲು ಮಾತ್ರ ಆಗಲಿಲ್ಲ. ಸುಸ್ತಾಗಿತ್ತೋ ಏನೋ.

ಕೊನೆಯ ಎರಡು ಬೆಂಚು ಲೈನಿನವರದು. ಲೈನು ಅಂದರೆ ತೋಟದ ಕೂಲಿಗಳ ಸಾಲುಮನೆ. ಅಲ್ಲೇ ಕೂರಬೇಕೆಂದು ಎಲ್ಲೂ ಬರೆದು ಹಾಕಿರಲಿಲ್ಲ. ಬರೆದರೆ ಪಾಪವಲ್ಲವೇ. ಆದರೂ ಲೈನಿನ ಮಗು ನಡೆಯಲು ಕಲಿತ ದಿನದಿಂದ ಯಾರೂ ಹೇಳದೆ ಅಲ್ಲಿಗೇ ಹೋಗಿ ಕೂರುತ್ತಿತ್ತು. ಮುಂದಿನ ಬೆಂಚುಗಳು ತೋಟದವರದು. ಅವರ ಅಜ್ಜಂದಿರು ಘಟ್ಟದ ಕೆಳಗಿನಿಂದ ಬಂದು ಕಾಡು ಕಡಿಸಿ ರಬ್ಬರ್ ಹಾಕಿದವರು. ಲೈನಿನವರ ಅಜ್ಜಂದಿರು ಅವರಿಗಾಗಿ ಆ ಕಾಡು ಕಡಿದವರು. ಆಮೇಲೆ ಎಲ್ಲರೂ ಕ್ರಿಸ್ತನಲ್ಲಿ ಒಂದಾದರು. ಬೆಂಚು ಬೇರೆ, ಅಷ್ಟೆ.

ಪೂಜೆಯ ನಡುವೆ, ಪ್ರಸಾದಕ್ಕೆ ಸ್ವಲ್ಪ ಮೊದಲು, ಸಮಾಧಾನ ಕೊಡುವ ಹೊತ್ತು ಬರುತ್ತದೆ. ಬೇರೆ ಊರುಗಳಲ್ಲಿ ಜನ ಎಡಕ್ಕೆ ಬಲಕ್ಕೆ ತಿರುಗಿ ಕೈಮುಗಿದರೆ ಮುಗಿಯಿತು. ಮೇಲಿನಹಕ್ಲಿನಲ್ಲಿ ಹಳೆಯ ಪದ್ಧತಿ. ಫಾದರ್ ಪೀಠ ಮುಟ್ಟಿ ಇಳಿದು ಬಂದು, ಹೆಂಗಸರ ಸಾಲಿನ ಮೊದಲ ಬೆಂಚಿನ ತುದಿಯಲ್ಲಿ ಕೂತವರ ಜೋಡಿಸಿದ ಕೈಗಳನ್ನು ತಮ್ಮ ಅಂಗೈಗಳ ನಡುವೆ ಹಿಡಿಯಬೇಕು. ಆಕೆ ಪಕ್ಕದವಳ ಕೈಯನ್ನು ಹಾಗೆಯೇ ಹಿಡಿಯಬೇಕು, ನಡುದಾರಿಯ ಆಚೆ ಗಂಡಸರ ಸಾಲಿನ ಮೊದಲನೆಯವನಿಗೂ ಕೊಡಬೇಕು. ಅಲ್ಲಿಂದ ಬೆಂಚಿನಿಂದ ಬೆಂಚಿಗೆ. ಯೇಸುವಿನ ಸಮಾಧಾನ ಕೈಯಿಂದ ಕೈಗೇ ಬರಬೇಕು, ಗಾಳಿಯಲ್ಲಿ ಬರುವಂತಿಲ್ಲ. ಆ ಮೊದಲ ಜಾಗದಲ್ಲಿ ಎಷ್ಟೋ ವರ್ಷದಿಂದ ಕೂರುತ್ತಿದ್ದವರು ದೊಡ್ಡ ತೋಟದ ತ್ರೇಸ್ಯಮ್ಮ. ನಡುದಾರಿಯ ಆಚೆ ಕೂರುತ್ತಿದ್ದವರು ಅವರ ಗಂಡ ಕುರಿಯನ್. ಹೀಗೆ ಇಡೀ ಊರಿನ ಸಮಾಧಾನ ಒಂದೇ ಮನೆಯಿಂದ ಹೊರಡುತ್ತಿತ್ತು.

ಹೊರಟದ್ದು ಹೆಂಗಸರ ಕಡೆ ಗ್ರೇಸಿ ಟೀಚರ್ ತನಕ ಬಂದು ನಿಲ್ಲುತ್ತಿತ್ತು. ಅವರ ಹಿಂದಿನ ಬೆಂಚು ಲೈನಿನವರದು. ಗ್ರೇಸಿ ಟೀಚರ್ ಕೆಟ್ಟವರೇನಲ್ಲ. ಪಕ್ಕದವರಿಂದ ಸಮಾಧಾನ ಪಡೆದ ಕೂಡಲೇ ಅವರಿಗೆ ಎಲ್ಲಿಲ್ಲದ ಭಕ್ತಿ ಉಕ್ಕಿ ಕಣ್ಣು ಮುಚ್ಚಿಹೋಗುತ್ತಿತ್ತು. ಕಣ್ಣು ಮುಚ್ಚಿ ಪ್ರಾರ್ಥಿಸುವವರನ್ನು ಹಿಂದಿನಿಂದ ತಟ್ಟಿ ಎಬ್ಬಿಸುವುದುಂಟೇ? ಕೊರೊನಾ ಬಂದಾಗ ಒಂದಷ್ಟು ಕಾಲ ಯಾರೂ ಯಾರನ್ನೂ ಮುಟ್ಟಬಾರದೆಂದಾಯಿತು. ಆಗ ಲೈನಿನವರಿಗೆ ಒಂಥರಾ ಖುಷಿಯಾಗಿತ್ತು, ಎಲ್ಲರೂ ತಮ್ಮ ಹಾಗೇ ಆದರಲ್ಲ ಎಂದು. ಆಮೇಲೆ ಕಾಯಿಲೆ ಹೋಯಿತು. ಮುಂದಿನ ಬೆಂಚುಗಳು ಮತ್ತೆ ಕೈ ಹಿಡಿದುಕೊಂಡವು. ಕೊನೆಯ ಎರಡು ಬೆಂಚಿನಲ್ಲಿ ಮಾತ್ರ ಕೊರೊನಾ ಇವತ್ತಿಗೂ ಇದೆ.

ಲೈನಿನಲ್ಲಿ ಈ ಸೂಕ್ಷ್ಮ ಅರ್ಥವಾಗದವಳು ಭೈರಮ್ಮ ಒಬ್ಬಳೇ. ಆಕೆ ಕೊನೆಯ ಬೆಂಚಿನ ತುದಿಯಲ್ಲಿ, ಕಂಬದ ಪಕ್ಕ ಕೂರುತ್ತಿದ್ದಳು. ಸಮಾಧಾನದ ಹೊತ್ತಿಗೆ ಎರಡೂ ಕೈ ಜೋಡಿಸಿ ಮುಂದೆ ಚಾಚಿಕೊಂಡು ನಿಲ್ಲುತ್ತಿದ್ದಳು. ಬರುತ್ತಿರಲಿಲ್ಲ. ಮುಂದಿನ ವಾರ ಮತ್ತೆ ಚಾಚುತ್ತಿದ್ದಳು. ಮಗಳು ದೇವಕಿ ನಾಚಿಕೆಯಿಂದ ಕುಗ್ಗಿ, ಕೈ ಇಳಿಸು ಎಂದು ಸೆರಗು ಜಗ್ಗಿದರೆ ಒಂದೇ ಮಾತು.

"ಬತ್ತದೆ ಕಣೆ. ದೂರದಿಂದ ಬರ್ಬೇಕಲ."

ಹಾಗೆ ಚಾಚಿ ಚಾಚಿಯೇ ಒಂದು ಮಳೆಗಾಲ ಸತ್ತಳು. ಪೆಟ್ಟಿಗೆಯಲ್ಲಿ ಮಲಗಿಸಿ ಕೈ ಜೋಡಿಸಿ ಜಪಸರ ಸುತ್ತಿದರು. ಅವತ್ತೂ ಆ ಕೈ ಮುಟ್ಟಿದವರು ಲೈನಿನವರೇ.

ತಾಯಿಯಿಂದ ದೇವಕಿಗೆ ಬಂದ ಆಸ್ತಿ ಎರಡು. ಒಂದು, ಕಂಬದ ಪಕ್ಕದ ಜಾಗ. ಇನ್ನೊಂದು, ಚರ್ಚು ಗುಡಿಸುವ ಕೆಲಸ. ಶನಿವಾರ ಸಂಜೆ ಚರ್ಚಿನ ನೆಲ ಗುಡಿಸಿ, ಮಂಡಿಯೂರಿ ಒರೆಸಿ, ಬಾವಲಿ ಹಿಕ್ಕೆ ಕೆರೆದು, ಹೂದಾನಿ ತೊಳೆದು ಇಡಬೇಕು. ಇದಕ್ಕೆ ಕೂಲಿಯಿಲ್ಲ. ಹಿಂದಿನ ಫಾದರ್ ಇದ್ದಾಗ ಅವಳು ಒಮ್ಮೆ ಬಾಯಿಬಿಟ್ಟು ಕೇಳಿದ್ದಳು. ಪ್ರೀತಿಯ ಕೆಲಸಕ್ಕೆ ಕೂಲಿ ಕೇಳಿದರೆ ಸ್ವರ್ಗದಲ್ಲಿ ಸಿಗುವುದು ಕಡಿಮೆಯಾಗುತ್ತದೆ ಎಂದು ಅವರು ಬಹಳ ಕಾಳಜಿಯಿಂದ ತಿಳಿಸಿದ್ದರು. ತೋಟದವರಿಗೂ ಸ್ವರ್ಗದ ಆಸೆ ಇತ್ತು. ಆದರೆ ಇಂಥ ಸುಲಭದ ದಾರಿಯನ್ನು ಅವರು ದೇವಕಿಗೇ ಬಿಟ್ಟುಕೊಟ್ಟಿದ್ದರು.

ವಾರದ ಉಳಿದ ದಿನ ಅವಳು ಕುರಿಯನ್ ತೋಟದ ಶೀಟುಮನೆಯಲ್ಲಿ, ಅಂದರೆ ರಬ್ಬರ್ ಹಾಲನ್ನು ಹಾಳೆ ಮಾಡುವ ಶೆಡ್ಡಿನಲ್ಲಿ. ನಸುಕಿನಲ್ಲಿ ಮೈದುನ ಕಲ್ಲೇಶ್ ಮತ್ತು ಲೈನಿನ ಇತರರು ಮರ ಗೀರುತ್ತಾರೆ. ಬಿಸಿಲೇರುವ ಹೊತ್ತಿಗೆ ರಬ್ಬರ್ ಹಾಲು ಬಕೆಟ್ಟುಗಳಲ್ಲಿ ಬರುತ್ತದೆ. ದೇವಕಿ ಅದನ್ನು ಸೋಸಿ, ತಟ್ಟೆಗಳಿಗೆ ಸುರಿದು, ಆಸಿಡ್ ಬೆರೆಸಿ ಹೆಪ್ಪು ಹಾಕಬೇಕು. ಹೆಪ್ಪಾದದ್ದನ್ನು ಅಂಗೈಯಲ್ಲಿ ಒತ್ತಿ ಒತ್ತಿ ಚಪ್ಪಟೆ ಮಾಡಬೇಕು. ರೋಲರಿಗೆ ಕೊಟ್ಟು ತಿರುಗಿಸಬೇಕು. ಹೊಗೆಮನೆಯಲ್ಲಿ ನೇತುಹಾಕಬೇಕು. ಅದು ಮುಗಿದ ಮೇಲೆ ಕುರಿಯನ್ ಮನೆಯ ಬಟ್ಟೆಯನ್ನೂ ಒಗೆಯಬೇಕು. ಆಸಿಡ್ಡಿಗೆ ಬೆರಳ ಸಂದಿಯ ಚರ್ಮ ಬೆಳ್ಳಗಾಗಿ ಸುಲಿಯುತ್ತದೆ. ಕೊಳೆತ ರಬ್ಬರಿನ ನಾತ ಕೈಗೆ ಹತ್ತಿದರೆ ಊಟದ ತಟ್ಟೆಗೂ ಬರುತ್ತದೆ, ಹಾಸಿಗೆಗೂ ಬರುತ್ತದೆ. ರಬ್ಬರಿನಿಂದ ಪ್ರಪಂಚದಲ್ಲೆಲ್ಲ ಕೈಗವಸು ಮಾಡುತ್ತಾರಂತೆ. ಒಂದು ಜೊತೆ ಮೇಲಿನಹಕ್ಲಿನ ಶೀಟುಮನೆಗೆ ಇದುವರೆಗೆ ಬಂದಿಲ್ಲ. ನಾತದ ಕೈಗೆ ಸಮಾಧಾನ ಕೊಡುವುದು ಹೇಗೆ ಎಂದು ಮಾತ್ರ ಮುಂದಿನ ಬೆಂಚಿನವರು ಕೇಳುತ್ತಿದ್ದರು. ಆ ನಾತ ಯಾರ ಮನೆಗೆ ಕಾರಾಗಿ ಬಂದಿದೆ ಎಂದು ಯಾರೂ ಕೇಳುತ್ತಿರಲಿಲ್ಲ.

ಹೀಗಿರುವಾಗ ಹೊಸ ಫಾದರ್ ಬಂದರು. ಮಂಗಳೂರು ಕಡೆಯ ಹುಡುಗ, ಹೆಸರು ವಿಲ್ಫ್ರೆಡ್. ಗಿಟಾರ್ ಬಾರಿಸುತ್ತಿದ್ದರು. ಒಳ್ಳೆಯ ಮನುಷ್ಯ, ಅದೇ ತೊಂದರೆ. ಒಳ್ಳೆಯವರಿಗೆ ಎಲ್ಲೆಡೆ ಪ್ರೀತಿಯೇ ಕಾಣುತ್ತದೆ. ದೇವಕಿ ಮಂಡಿಯೂರಿ ನೆಲ ಒರೆಸುವುದನ್ನು ಕಂಡು ಅವರ ಕಣ್ಣು ಒದ್ದೆಯಾಯಿತು. ಒಂದು ಭಾನುವಾರವನ್ನು ಪ್ರೀತಿಯ ಭಾನುವಾರ ಎಂದು ಆಚರಿಸೋಣ, ತಾಯಿಯ ಕಾಲದಿಂದ ನಿಸ್ವಾರ್ಥವಾಗಿ ದುಡಿದ ಈ ಹೆಂಗಸಿಗೆ ಶಾಲು ಹೊದೆಸಿ ಹಣ್ಣಿನ ಬುಟ್ಟಿ ಕೊಡೋಣ ಎಂದು ಸಮಿತಿಯ ಮುಂದಿಟ್ಟರು. ಸಮಿತಿ ಕೂಡಲೇ ಒಪ್ಪಿತು. ಶಾಲಿಗೆ ಒಂದೇ ಸಲ ಖರ್ಚು. ಕೂಲಿಯಾದರೆ ವಾರವಾರ ಕೊಡಬೇಕು.

ಮರುದಿನ ತ್ರೇಸ್ಯಮ್ಮ ಮೂಗಿಗೆ ಸೆರಗು ಹಿಡಿದುಕೊಂಡು ಶೀಟುಮನೆಯ ಬಾಗಿಲಿಗೆ ಬಂದರು. ತಮ್ಮದೊಂದು ಹಳೆಯ ಸೀರೆಯನ್ನು ರೋಲರಿನ ಮೇಲಿಟ್ಟರು. ಅವತ್ತು ಇದನ್ನೇ ಉಡಬೇಕು, ಚೆನ್ನಾಗಿ ಮೀಯಬೇಕು, ಪೌಡರ್ ಹಾಕಿಕೊಳ್ಳಬೇಕು ಎಂದರು. ಮೈಕಿನಲ್ಲಿ ಹೇಳಬೇಕಾದ ಎರಡು ಮಾತನ್ನೂ ಕಲಿಸಿದರು: ನನ್ನನ್ನು ನಾನು ಮರೆತು ಸೇವೆ ಮಾಡಿದೆ, ಕುರಿಯನ್ ಧಣಿಗಳ ಮನೆಯವರು ನನ್ನನ್ನು ಮಗಳ ಹಾಗೆ ನೋಡಿಕೊಂಡರು. ದೇವಕಿ ಆಸಿಡ್ ಕೈಯಲ್ಲೇ ನಿಂತು ಗಿಣಿಯ ಹಾಗೆ ಒಪ್ಪಿಸಿದಳು. ತ್ರೇಸ್ಯಮ್ಮನ ಮಗಳು ಶೀಟುಮನೆಯ ಹತ್ತಿರ ಒಂದು ದಿನವೂ ಸುಳಿದವಳಲ್ಲ ಎಂಬುದು ಅವಳ ತಲೆಗೆ ಬಂತು. ಬಾಯಿಗೆ ಬರಲಿಲ್ಲ. ಈ ಮನೆಯ ಕೆಲಸ, ಈ ಮನೆಯ ಲೈನು. ಬಾಯಿಗೆ ಬಂದರೆ ಎರಡೂ ಹೋಗುತ್ತವೆ.

ಶನಿವಾರ ನೆಲ ಒರೆಸುತ್ತಿದ್ದಾಗ ಫಾದರ್ ವಿಲ್ಫ್ರೆಡ್ ಬಂದು, ನಾಳೆ ಅವಳು ಕೂರುವ ಜಾಗ ತೋರಿಸಿದರು. ಶಾಲಿಗೆ ಕರೆದಾಗ ಎದ್ದು ಬರಲು ಸಲೀಸಾಗಲಿ ಎಂದು ಹೆಂಗಸರ ಸಾಲಿನ ಮೊದಲ ಬೆಂಚಿನ ತುದಿಯನ್ನೇ ಕೊಟ್ಟರು. ತ್ರೇಸ್ಯಮ್ಮ ಒಂದು ಜಾಗ ಆಚೆ ಸರಿದರೆ ಆಯಿತು. ಫಾದರ್ ಊರಿಗೆ ಹೊಸಬರು. ಶಾಲಿನ ಯೋಚನೆಯಲ್ಲಿ ಸಮಾಧಾನದ ದಾರಿ ಅವರಿಗೆ ಮರೆತೇಹೋಗಿತ್ತು.

ದೇವಕಿಗೆ ಮರೆತಿರಲಿಲ್ಲ. ಕೈಯಲ್ಲಿ ಒದ್ದೆಬಟ್ಟೆ ಹಿಡಿದು ಆ ಜಾಗವನ್ನೇ ನೋಡಿದಳು. ಅಲ್ಲಿ ಕೂತವರಿಗೇ ಸಮಾಧಾನ ಮೊದಲು. ಶಾಲು, ಹಣ್ಣಿನ ಬುಟ್ಟಿ, ಮೈಕು ಯಾವುದೂ ಅವಳಿಗೆ ಬೇಕಿರಲಿಲ್ಲ. ಅದೊಂದು ಬೇಕಿತ್ತು. ಅವ್ವ ಕೈ ಚಾಚಿ ಚಾಚಿ ಸತ್ತದ್ದು ಯಾವುದಕ್ಕೋ, ಅದು ಬೇಕಿತ್ತು. ಅದಕ್ಕಾಗಿ ಆ ಎರಡು ಸುಳ್ಳನ್ನು ಹೇಳುವುದಾದರೂ ಹೇಳಿಬಿಡೋಣ ಎಂದುಕೊಂಡಳು.

ಆ ಸಂಜೆ ಲೈನಿನ ನಲ್ಲಿಯ ಹತ್ತಿರ ಕೂತು ಸೋಪು, ಸೀಗೆಪುಡಿ, ನಿಂಬೆಹಣ್ಣು ಎಲ್ಲ ಹಾಕಿ ಕೈ ತಿಕ್ಕಿದಳು. ಬಿರುಕಿಗೆ ನಿಂಬೆರಸ ಇಳಿದು ಜೀವ ಹೋಗುವಷ್ಟು ಉರಿಯಿತು. ಕೊಪ್ಪದಲ್ಲಿ ಕಾಲೇಜು ಓದುವ ಮಗಳು ಅರ್ಪಿತಾ ನೋಡುವಷ್ಟು ನೋಡಿ ಹತ್ತಿರ ಬಂದಳು.

"ಎಂತಕ್ಕಮ್ಮ ಹಿಂಗೆ ತಿಕ್ಕದು? ಚರ್ಮ ಕಿತ್ತು ಬತ್ತದೆ. ನಿನ್ನ ಕೈ ಎಂತ ತಪ್ಪು ಮಾಡಿದೆ?"

ದೇವಕಿ ಇನ್ನೊಂದು ನಿಂಬೆಹೋಳು ಹಿಂಡಿಕೊಂಡಳು. ಕಲ್ಲೇಶ್ ಕಟ್ಟೆಯ ಮೇಲೆ ಕೂತು ಬೀಡಿ ಎಳೆಯುತ್ತಿದ್ದ. ಲೈನಿನಲ್ಲಿ ತಮಾಷೆ ಮಾಡುವ ಹಕ್ಕು ಅವನದು. ನಾಳೆ ಸಿಗುವ ಸಮಾಧಾನದಲ್ಲಿ ಸ್ವಲ್ಪ ಹರಿದು ತನಗೂ ತಂದುಕೊಡಬೇಕು, ಅತ್ತಿಗೆ ಒಬ್ಬಳೇ ನುಂಗಬಾರದು ಎಂದ. ಎಲ್ಲರೂ ನಕ್ಕರು. ನಕ್ಕ ಮೇಲೆ ಯಾಕೋ ಒಬ್ಬೊಬ್ಬರೇ ಎದ್ದು ಒಳಗೆ ಹೋದರು.

ಭಾನುವಾರ ಚರ್ಚು ತುಂಬಿತ್ತು. ತ್ರೇಸ್ಯಮ್ಮ ಒಂದು ಜಾಗ ಬಿಟ್ಟುಕೊಟ್ಟಿದ್ದರು. ಇನ್ನೂ ಒಂದು ಜಾಗದಷ್ಟು ಖಾಲಿ ಬಿಟ್ಟು ಆಚೆ ಕೂತಿದ್ದರು. ಅಷ್ಟು ಖಾಲಿಯಲ್ಲಿ ದೇವಕಿಯ ಪಕ್ಕ ಸಾಕ್ಷಾತ್ ಯೇಸುವೇ ಬಂದು ಕೂರಬಹುದಿತ್ತು. ಬಹುಶಃ ಅವನಿಗಾಗಿಯೇ ಬಿಟ್ಟಿದ್ದಿರಬೇಕು.

ಫಾದರ್ ವಿಲ್ಫ್ರೆಡ್ ಪ್ರಸಂಗ ಮಾಡಿದರು. ಎಲ್ಲ ಪ್ರೀತಿಯೂ ದೇವರಿಂದ ಶುರು ಎಂದರು. ಯೋಗ್ಯತೆ ನೋಡಿ ದೇವರು ಪ್ರೀತಿಸುವುದಿಲ್ಲ, ಮೊದಲು ಪ್ರೀತಿಸುತ್ತಾನೆ, ಯೋಗ್ಯತೆ ಆಮೇಲೆ ಬರುತ್ತದೆ ಎಂದರು. ತನ್ನನ್ನು ತಾನು ಹೇಗೋ ಹಾಗೆ ನೆರೆಯವರನ್ನು ಪ್ರೀತಿಸಬೇಕು ಎಂಬ ಆಜ್ಞೆಯಲ್ಲಿ ಎಲ್ಲರೂ ನೆರೆಯವರನ್ನು ಹಿಡಿದುಕೊಂಡು ತನ್ನನ್ನು ಬಿಟ್ಟುಬಿಡುತ್ತಾರೆ ಎಂದರು. ದೇವರು ಇಷ್ಟಪಟ್ಟು ಮಾಡಿದ ಜೀವವನ್ನು ತಾನೇ ಹೀನವಾಗಿ ಕಂಡರೆ ಅದು ದೇವರಿಗೆ ಮಾಡಿದ ಅವಮಾನ. ತನ್ನನ್ನು ಪ್ರೀತಿಸಿಕೊಳ್ಳಲಾರದವರು ನೆರೆಯವರಿಗೆ ಕೊಡುವುದು ಪ್ರೀತಿಯಲ್ಲ, ಹೆದರಿಕೆ ಎಂದೂ ಹೇಳಿದರು.

ಹೆದರಿಕೆ ಎಂಬ ಮಾತು ದೇವಕಿಯ ಎದೆಗೆ ನೇರ ನಾಟಿತು. ಇಷ್ಟು ವರ್ಷ ತಾನು ಗುಡಿಸಿದ್ದು, ಒರೆಸಿದ್ದು, ರೋಲರಿನ ಮೇಲಿಟ್ಟ ಸೀರೆಗೆ ಕೈಮುಗಿದದ್ದು ಎಲ್ಲಕ್ಕೂ ಹೆಸರು ಇಷ್ಟೇ ಅಲ್ಲವೇ ಎನಿಸಿತು. ಫಾದರ್‌ಗೆ ತಾವೇನು ಹೇಳಿದೆವು ಎಂದು ಗೊತ್ತಾಗಲಿಲ್ಲ. ಅದೇ ಉಸಿರಿನಲ್ಲಿ, ತನ್ನನ್ನು ಪೂರ್ತಿ ಮರೆತ ನಮ್ಮ ಸಹೋದರಿ ದಯಾಮೇರಿಯನ್ನು ನೋಡಿ ಕಲಿಯೋಣ ಎಂದುಬಿಟ್ಟರು. ದಯಾಮೇರಿ ಯಾರು ಎಂದು ದೇವಕಿಯೂ ತಿರುಗಿ ನೋಡಿದಳು. ಜ್ಞಾನಸ್ನಾನದ ದಿನ ತನಗೇ ಇಟ್ಟ ಆ ಹೆಸರನ್ನು ಆಮೇಲೆ ಯಾರೂ ಕರೆದಿರಲಿಲ್ಲ. ಹೊಸ ಬಟ್ಟೆಯ ಹಾಗೆ ಮಡಚಿ ಇಟ್ಟಿದ್ದರು.

ಸಮಾಧಾನದ ಹೊತ್ತು ಬಂತು. ಫಾದರ್ ಪೀಠ ಮುಟ್ಟಿ ಕೆಳಗಿಳಿದರು. ದೇವಕಿ ಎದ್ದು ನಿಂತಳು. ಕೈ ಜೋಡಿಸಿ ಚಾಚಿದಳು. ಅವ್ವ ಚಾಚುತ್ತಿದ್ದ ಹಾಗೆಯೇ ಚಾಚಿದೆನಲ್ಲ ಎಂದು ಆಗಲೇ ಗೊತ್ತಾಯಿತು. ಫಾದರ್ ಅವಳ ಕೈಗಳನ್ನು ತಮ್ಮ ಎರಡು ಅಂಗೈಗಳ ನಡುವೆ ಹಿಡಿದರು. ಮೆತ್ತಗಿನ ಕೈ, ಬೆಚ್ಚಗಿತ್ತು. ಇಷ್ಟೇ. ಇಷ್ಟಕ್ಕೇ ಅವ್ವನನ್ನು ಅಷ್ಟು ವರ್ಷ ಕಾಯಿಸಿದರು. ಇದನ್ನು ಕೊಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು? ಅವಳಿಗೆ ಸಿಟ್ಟು ಬಂತು. ಆದರೂ ಪದ್ಧತಿಯ ಪ್ರಕಾರ ಪಕ್ಕಕ್ಕೆ ತಿರುಗಿ ತ್ರೇಸ್ಯಮ್ಮನ ಕಡೆ ಕೈ ನೀಡಿದಳು.

ತ್ರೇಸ್ಯಮ್ಮ ಬ್ಯಾಗಿನಲ್ಲಿ ಏನೋ ಹುಡುಕುತ್ತಿದ್ದರು. ನಡುದಾರಿಯ ಆಚೆ ಕುರಿಯನ್ ಚರ್ಚಿನ ಮಾಡಿನಲ್ಲಿ ಹಂಚು ಒಡೆದಿದೆಯೋ ಎಂದು ಪರೀಕ್ಷಿಸುತ್ತಿದ್ದರು. ಹಿಂದಿನ ಬೆಂಚುಗಳವರು ಕೈ ಸಿದ್ಧ ಮಾಡಿಕೊಂಡು ನಿಂತಿದ್ದರು. ಸಮಾಧಾನ ಬರಲಿಲ್ಲ. ಯಾಕೆ ತಡ ಎಂದು ಒಬ್ಬೊಬ್ಬರೇ ಕತ್ತು ಉದ್ದ ಮಾಡಿದರು. ಆ ಚರ್ಚಿನಲ್ಲಿ ತೋಟದವರು ಸಮಾಧಾನಕ್ಕೆ ಕಾದು ನಿಂತದ್ದು ಅದೇ ಮೊದಲು. ಹಾಡಿನವರು ಮುಂದಿನ ಹಾಡು ಎತ್ತಿ, ತಪ್ಪಾಯಿತೆಂದು ಅರ್ಧಕ್ಕೆ ನುಂಗಿದರು. ಫಾದರ್ ವಿಲ್ಫ್ರೆಡ್ ಬೆವತರು. ತ್ರೇಸ್ಯಮ್ಮನ ಕಡೆ ಬಗ್ಗಿ, ತೆಗೆದುಕೊಳ್ಳಿ ಎಂದು ಮೆಲ್ಲಗೆ ಹೇಳಿದರು. ಕೊರಳಿನ ಮೈಕು ಅದನ್ನು ಇಡೀ ಚರ್ಚಿಗೆ ಹೇಳಿತು.

ತ್ರೇಸ್ಯಮ್ಮನಿಗೆ ಬ್ಯಾಗಿನಲ್ಲಿ ಹುಡುಕುತ್ತಿದ್ದದ್ದು ಸಿಕ್ಕಿತು. ಕಸೂತಿ ಹಾಕಿದ ಬಿಳಿ ಕರ್ಚೀಪು. ಅದನ್ನು ಬಿಡಿಸಿ ಅಂಗೈಗಳ ಮೇಲೆ ಹಾಸಿಕೊಂಡು, ದೊಡ್ಡ ಮನಸ್ಸು ಮಾಡಿ ಕೈ ಮುಂದೆ ತಂದರು.

ದೇವಕಿ ಕರ್ಚೀಪನ್ನು ನೋಡಿದಳು. ತನ್ನ ಕೈ ಹಿಂದಕ್ಕೆ ಎಳೆದುಕೊಂಡಳು.

"ಬ್ಯಾಡ ಅಮ್ಮ. ಕರ್ಚೀಪು ಕೊಳೆ ಆಗ್ತದೆ. ಆಮೇಲೆ ಅದನ್ನ ಒಗಿಯದೂ ನಾನೇ."

ಹಿಂದೆ ಎಲ್ಲೋ ಒಂದು ನಗು ಹೊರಟು ಅಲ್ಲೇ ಸತ್ತಿತು. ತ್ರೇಸ್ಯಮ್ಮನ ಮುಖ ಕೆಂಪಾಯಿತು. ಧಣಿಗಳ ಎದುರು ಬಾಯಿ ಬಿಡುತ್ತೀಯಾ ಎಂಬಂತೆ ಕುರಿಯನ್ ಕಣ್ಣು ಬಿಟ್ಟರು. ಕೆಲಸ ಹೋಯಿತು, ಲೈನೂ ಹೋದ ಹಾಗೆಯೇ ಎಂದು ದೇವಕಿಗೆ ಗೊತ್ತಿತ್ತು. ಫಾದರ್ ಕಡೆ ತಿರುಗಿದಳು.

"ಫಾದರ್ರೇ, ನನ್ನ ಮೇಲೆ ನಂಗೆ ಎಷ್ಟು ಪ್ರೀತಿ ಅದೆಯೋ ಅಷ್ಟೇ ಇವ್ರಿಗೂ ಕೊಡಕ್ಕೆ ಹೇಳಿದ್ರಲ. ನಂದು ಖಾಲಿ ಅದೆ. ಇವತ್ತು ಸಿಕ್ಕಿದ್ದನ್ನ ನಂಗೇ ಇಟ್ಕತೀನಿ. ನನ್ನೋರಿಗೆ ಕೊಡ್ತೀನಿ. ಉಳಿದ್ರೆ ಇವ್ರಿಗೆ."

ಜೋಡಿಸಿದ ಕೈಗಳನ್ನು ಎದೆಗೆ ಒತ್ತಿಕೊಂಡಳು. ನಡುದಾರಿಯಲ್ಲಿ ಹಿಂದಕ್ಕೆ ನಡೆದಳು. ಎಷ್ಟೋ ಸಲ ಮಂಡಿಯೂರಿ ಒರೆಸಿದ ದಾರಿ, ಇವತ್ತು ನಿಂತು ನಡೆದಳು. ನೇರ ಕಂಬದ ಪಕ್ಕಕ್ಕೆ ಹೋದಳು. ಅಲ್ಲಿ ಯಾರೂ ಕೂತಿರಲಿಲ್ಲ. ಭೈರಮ್ಮನ ಕೈ ತಾಗಿ ತಾಗಿ ಸವೆದ ಬೆಂಚಿನ ಮೇಲೆ ಎರಡೂ ಅಂಗೈ ಊರಿದಳು.

"ಬಂತು ಕಣವ್ವ" ಎಂದಳು. ಅಳು ಬಂತು. ಅತ್ತಳು.

ಆಮೇಲೆ ಮಗಳ ಕೈ ಹಿಡಿದಳು. ಅರ್ಪಿತಾ ಪಕ್ಕದವರ ಕೈ ಹಿಡಿದಳು. ಲೈನಿನ ಹೆಂಗಸರು, ಗಂಡಸರು, ಕಂಕುಳ ಕೂಸುಗಳು, ಎಲ್ಲರ ಕೈಗೂ ಅದು ಹೋಯಿತು. ಕಲ್ಲೇಶನ ಸರದಿ ಬಂದಾಗ ಅವನು ತಮಾಷೆ ಮಾಡಲಿಲ್ಲ. ಬೀಡಿಯ ಕಲೆ ಹತ್ತಿದ ಬೆರಳನ್ನು ಅಂಗಿಗೆ ಒರೆಸಿಕೊಂಡು ಕೈ ಜೋಡಿಸಿದ. ಕೊನೆಗೆ ಅದು ಗ್ರೇಸಿ ಟೀಚರ್ ಬೆನ್ನ ಹಿಂದೆ ನಿಂತ ಮುದುಕಿ ಯಮುನಮ್ಮನ ಹತ್ತಿರ ಬಂತು. ಮುಂದಿನಿಂದ ಏನೂ ಬಾರದೆ ಕಂಗಾಲಾಗಿದ್ದ ಗ್ರೇಸಿ ಟೀಚರ್ ತಿರುಗಿ ಕೈ ಅರ್ಧ ಎತ್ತಿದರು. ಯಮುನಮ್ಮನಿಗೆ ಅದೇ ಗಳಿಗೆಯಲ್ಲಿ ಎಲ್ಲಿಲ್ಲದ ಭಕ್ತಿ ಉಕ್ಕಿತು. ಕಣ್ಣು ಮುಚ್ಚಿಕೊಂಡಳು.

ಅವತ್ತು ಮೇಲಿನಹಕ್ಲಿನ ತೋಟದವರು ಸಮಾಧಾನವಿಲ್ಲದೆಯೇ ಪ್ರಸಾದ ತೆಗೆದುಕೊಂಡರು. ಮೈಕಿನಲ್ಲಿ ದಯಾಮೇರಿ, ದಯಾಮೇರಿ ಎಂದು ಕರೆದರು. ಆ ಹೆಸರಿನವರು ಯಾರೂ ಏಳಲಿಲ್ಲ. ಶಾಲು ಹಣ್ಣಿನ ಬುಟ್ಟಿಯ ಮೇಲೆ ಹಾಗೇ ಉಳಿಯಿತು.

ಸೋಮವಾರ ಶೀಟುಮನೆಗೆ ಬರಬೇಡ ಎಂದು ಕುರಿಯನ್ ಹೇಳಿಕಳಿಸಿದರು. ಮನಸ್ಸಿನಲ್ಲಿ ದ್ವೇಷವಿಲ್ಲ, ಕ್ಷಮಿಸಿದ್ದೇವೆ, ಮಳೆಗಾಲ ಮುಗಿದ ಮೇಲೆ ಮನೆ ಖಾಲಿ ಮಾಡಿದರೆ ಸಾಕು ಎಂದೂ ಸೇರಿಸಿದ್ದರು. ಕ್ಷಮೆ ಅಂದರೆ ಹಾಗಿರಬೇಕು. ದೇವಕಿ ಕೊಪ್ಪದ ಹತ್ತಿರದ ನಾರ್ವೆ ಊರಿನ ಕಡೆ ಶುಂಠಿ ಕೀಳುವ ಕೆಲಸಕ್ಕೆ ಜೀಪು ಹತ್ತಿದಳು. ಅಲ್ಲಿ ಕೈಗೆ ಬರೀ ಮಣ್ಣು. ತೊಳೆದರೆ ಹೋಗುತ್ತಿತ್ತು.

ಶನಿವಾರ ಸಂಜೆ ಫಾದರ್ ವಿಲ್ಫ್ರೆಡ್ ಲೈನಿಗೆ ಬಂದರು. ಅಲ್ಲಿಗೆ ಅವರು ಬಂದದ್ದು ಅದೇ ಮೊದಲು. ದೇವಕಿ ಹೊಸ್ತಿಲ ಮೇಲೆ ಕೂತು ಕೊಬ್ಬರಿಎಣ್ಣೆಯ ಬಟ್ಟಲು ಪಕ್ಕದಲ್ಲಿಟ್ಟುಕೊಂಡು ತನ್ನ ಕೈಗೆ ತಾನೇ ಎಣ್ಣೆ ತೀಡಿಕೊಳ್ಳುತ್ತಿದ್ದಳು. ಒಂದೊಂದು ಬೆರಳು, ಒಂದೊಂದು ಬಿರುಕು. ಅವಸರವಿರಲಿಲ್ಲ. ಮಗಳು ಒಳಗಿನಿಂದ ಕುರ್ಚಿ ತಂದಿಟ್ಟಳು. ಫಾದರ್ ಕೂರಲಿಲ್ಲ. ತಾನು ಒಳ್ಳೆಯದನ್ನೇ ಬಯಸಿದ್ದೆ, ಎಲ್ಲಿ ತಪ್ಪಾಯಿತೋ ತಿಳಿಯುತ್ತಿಲ್ಲ ಎಂದರು. ಆಮೇಲೆ, ನಾಳೆ ಪೂಜೆಯಿದೆ, ಚರ್ಚು ಕಸ ತುಂಬಿ ಕೂತಿದೆ, ನೀವು ಮನಸ್ಸು ಮಾಡಬೇಕು, ಅದು ಪ್ರೀತಿಯ ಕೆಲಸ ಎಂದರು.

ದೇವಕಿ ಎದ್ದಳು. ಬಾಗಿಲ ಮೂಲೆಯಲ್ಲಿ ತಾನೇ ಕಟ್ಟಿದ ಕಡ್ಡಿಪೊರಕೆ ಇತ್ತು. ತಂದು ಎಣ್ಣೆಗೈಯಲ್ಲಿ ಫಾದರ್ ಮುಂದೆ ಹಿಡಿದಳು. ಅವರು ಎರಡೂ ಕೈ ಚಾಚಿ ತೆಗೆದುಕೊಂಡರು.

"ಇದನ್ನೂ ಹಂಗೇ ಕೊಡಿ ಫಾದರ್ರೇ, ಕೈಯಿಂದ ಕೈಗೆ" ಎಂದಳು. "ಮೊದಲ್ನೇ ಬೆಂಚಿಂದ ಶುರು ಮಾಡಿ. ನಮ್ ತಂಕ ಬಂದ್ರೆ ಆಗ ನೋಡನ."